ಗೋಡೆ ಬಿಟ್ಟ ಐವತ್ತೆರಡನೇ ನಂಬರ್

ಅಮೆರಿಕನ್ ಫುಟ್‌ಬಾಲ್ ಆಟಗಾರ ಲಾವೆಲ್ ಟಿಲ್‌ಮನ್ ಕ್ಲೀವ್‌ಲ್ಯಾಂಡ್ ಬಿಟ್ಟು ಬದ್ಧವೈರಿ ಪಿಟ್ಸ್‌ಬರ್ಗ್ ತಂಡ ಸೇರುತ್ತಾನೆ ಎಂದು ಟಿವಿ ಹೇಳಿದ್ದೇ ತಡ, ಗಸ್ ಕುಜ್ಮಾ ಕುರ್ಚಿ ಹಿಂದಕ್ಕೆ ದೂಡಿ ಎದ್ದ. ಬೈಯಲು ಗೋಡೆಯತ್ತ ತಿರುಗಿದ. ವಾಂಡಾಳ ಬಾರಿನ ಆ ಗೋಡೆಯ ಮೇಲೆ ಆರು ವರ್ಷಗಳಿಂದ ಟಿಲ್‌ಮನ್‌ನ ಜೆರ್ಸಿ ತೂಗುತ್ತಿತ್ತು. ಗಾಜಿನ ಚೌಕಟ್ಟು, ಐವತ್ತೆರಡನೇ ನಂಬರ್, ಅದರ ಕೆಳಗೆ ಉದ್ದನೆಯ ಸಹಿ.

ಈಗ ಬರೀ ಮೊಳೆ ಇತ್ತು.

“ಅಯ್ಯಯ್ಯೋ! ತಾನು ಹೋಗೋದಲ್ದೆ ಅಂಗೀನೂ ತಗೊಂಡು ಹೋದ್ನಲ್ರೋ!”

ಮೂಲೆಯಲ್ಲಿ ಕೂತಿದ್ದ ಪೊಲೀಸ್ ಸಾರ್ಜೆಂಟ್ ಲೊರೇನ್ ಸ್ಟುಪಾಕ್ ಫೋರ್ಕ್ ಕೆಳಗಿಟ್ಟಳು. ಅವಳ ಡ್ಯೂಟಿ ಮುಗಿದಿತ್ತು. ಈಸ್ಟರ್‌ಗೆ ಮುಂಚಿನ ಲೆಂಟ್ ವ್ರತದ ಶುಕ್ರವಾರ, ಮಾಂಸವಿಲ್ಲ, ತಟ್ಟೆಯಲ್ಲಿ ಬಿಸಿಬಿಸಿ ಹುರಿದ ಮೀನು. ಆದರೆ ಅವಳೂ ಕ್ಲೀವ್‌ಲ್ಯಾಂಡ್ ಪಕ್ಕದ ಈ ಪಾರ್ಮಾದಲ್ಲೇ ಬೆಳೆದವಳು. ಆ ಜೆರ್ಸಿ ಅವಳದ್ದೂ ಹೌದು.

“ಯಾರೂ ಹೊರಗೆ ಹೋಗ್ಬೇಡಿ,” ಎಂದಳು.

“ಮೀನು ತಣ್ಣಗಾಗುತ್ತೆ,” ಎಂದಳು ವಾಂಡಾ.

“ಗೊತ್ತು. ಅದಕ್ಕೇ ಕೋಪ ಬಂದಿರೋದು.”

* * *

ಮಾರ್ಚ್ ತಿಂಗಳ ಈ ವಾರ ಮೈದಾನದಲ್ಲಿ ಆಟವಿರುವುದಿಲ್ಲ. ಬಾರಿನಲ್ಲಿ ಮಾತ್ರ ದಿನವೂ ಕಾಳಗ. ಒಪ್ಪಂದ ಮುಗಿದ ಆಟಗಾರರು ತಮಗೆ ಬೇಕಾದ ತಂಡಕ್ಕೆ ಹಾರುತ್ತಾರೆ. ಯಾರನ್ನು ಬಿಡಬೇಕಿತ್ತು, ಯಾರನ್ನು ಹಿಡಿಯಬೇಕಿತ್ತು ಎಂದು ಗಸ್ ವಾರವಿಡೀ ಗಂಟಲು ಹರಿದುಕೊಂಡಿದ್ದ. ಟಿಲ್‌ಮನ್ ಹೋದರೆ ಜೆರ್ಸಿ ಸುಡುತ್ತೇನೆ ಎಂದೂ ಕೂಗಾಡಿದ್ದ.

ಲೊರೇನ್ ಅದನ್ನೇ ನೆನಪಿಸಿದಳು.

“ಸುಡ್ತೀನಿ ಅಂದಿದ್ದು ನಿಜ,” ಎಂದ ಗಸ್. “ಆದ್ರೆ ಎಲ್ಲರ ಎದುರಿಗೇ ಸುಡ್ತಿದ್ದೆ. ಕದ್ದು ಸುಟ್ರೆ ಏನು ಮಜಾ? ಕೇಳೋದಿದ್ರೆ ನಾರ್ಬ್‌ನ ಕೇಳು!”

ನಾರ್ಬ್ ಹ್ಲಾವಾಟಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದವನು. ಮದುವೆಯಾಗಿ ಪಾರ್ಮಾಕ್ಕೆ ಬಂದು ಇಪ್ಪತ್ತು ವರ್ಷವಾದರೂ ತವರು ತಂಡದ ಹಳದಿ ಟೋಪಿ ಬಿಟ್ಟಿರಲಿಲ್ಲ. ಸುದ್ದಿ ಬಂದಾಗಿನಿಂದ ಬಿಯರ್ ಲೋಟದ ಹಿಂದೆ ಒಳಗೊಳಗೇ ನಗುತ್ತಿದ್ದ.

“ಆಟಗಾರನೇ ನಮ್ಮವನಾದ ಮೇಲೆ ಅಂಗಿ ಕಟ್ಕೊಂಡು ನನಗೇನಾಗ್ಬೇಕೋ?”

“ಹಾಗಾದ್ರೆ ನಿನ್ನ ಟ್ರಕ್ಕಲ್ಲಿ ಕಂಬಳಿ ಸುತ್ತಿರೋದು ಏನು?” ಎಂದು ಗಸ್ ಹೊರಗೋಡಿದ. ಎಲ್ಲರೂ ಅವನ ಹಿಂದೆ ನುಗ್ಗಿದರು. ಸರಿಯಾಗಿ ಅದೇ ಅಳತೆಯ ಚೌಕಟ್ಟು! ಗಸ್ ಕಂಬಳಿ ಎಳೆದ.

ಒಳಗಿಂದ ನಾರ್ಬ್‌ನ ಅತ್ತೆ ಗುರಾಯಿಸಿದಳು. ದೊಡ್ಡ ಭಾವಚಿತ್ರ. ಗಾಜು ಹಾಕಿಸಲು ಒಯ್ಯುತ್ತಿದ್ದನಂತೆ.

ಗಸ್ ಕಂಬಳಿ ಮುಚ್ಚಿದ. ನಾರ್ಬ್‌ನ ಭುಜ ತಟ್ಟಿ, “ಪಾಪ,” ಎಂದ.

* * *

ಲೊರೇನ್ ಅಡುಗೆಮನೆಗೆ ಬಂದಳು. “ವಾಂಡಾ, ಪ್ರತಿ ಶುಕ್ರವಾರ ಊಟದ ಫೋಟೋ ತೆಗ್ದು ಆನ್‌ಲೈನಲ್ಲಿ ಹಾಕ್ತೀಯಲ್ಲ. ಇವತ್ತಿಂದು ತೋರ್ಸು.”

ಫೋಟೋದಲ್ಲಿ ಮೀನು, ಎಲೆಕೋಸಿನ ಪಲ್ಯ, ಆಲೂಗೆಡ್ಡೆ ತುಂಬಿದ ಪಿಯೆರೋಗಿ ಕಡುಬು. ಲೊರೇನ್ ಅವುಗಳ ಹಿಂದಿನ ಗೋಡೆ ನೋಡಿದಳು. ಮೊಳೆ ಬೋಳಾಗಿತ್ತು.

“ಇದನ್ನ ಯಾವಾಗ ತೆಗ್ದೆ?”

“ಮಧ್ಯಾಹ್ನ. ಇನ್ನೂ ಯಾರೂ ಬಂದಿರ್ಲಿಲ್ಲ.”

ಸುದ್ದಿ ಬಂದದ್ದು ಸಂಜೆ. ಹಾಗಾದರೆ ಕದ್ದವನಿಗೆ ಟಿಲ್‌ಮನ್ ಹೋಗುವ ಸಿಟ್ಟಿರಲಿಲ್ಲ. ಮತ್ತೇನಿತ್ತು?

“ಬೆಳಿಗ್ಗೆ ಏನಾದ್ರೂ ವಿಶೇಷ ಆಯ್ತಾ?”

ವಾಂಡಾ ಏಪ್ರನ್ ಹಿಸುಕಿದಳು. “ಹೇಳ್ಬೇಡಿ ಅಂದಿದ್ದ ಕಣೇ. ಟಿಲ್‌ಮನ್ ಫೋನ್ ಮಾಡಿದ್ದ. ನಾಳೆ ಅವರಮ್ಮನ ಕರ್ಕೊಂಡು ಪಿಯೆರೋಗಿ ತಿನ್ನೋಕೆ ಬರ್ತಾನಂತೆ. ಗೋಡೆ ಮೇಲಿನ ಜೆರ್ಸಿ ನೋಡ್ಬೇಕಂತೆ.”

“ಯಾರಿಗೆ ಹೇಳ್ದೆ?”

“ಪಿಯೆರೋಗಿ ಇಳಿಸೋಕೆ ಬಂದಿದ್ದ ಕಾಜ್‌ಗೆ ಮಾತ್ರ. ಸಹಿ ಹಾಕಿಸ್ಕೊಂಡು ಬಂದವನೇ ಅವನಲ್ವಾ? ಖುಷಿ ಪಡ್ಲಿ ಅಂತ ಹೇಳ್ದೆ. ಖುಷಿಗೆ ಮುಖ ಬಿಳಿಚ್ಕೊಂಡು ಹೋಯ್ತು.”

ಲೊರೇನ್ ಮೇಜಿಗೆ ಮರಳಿ ತಣ್ಣಗಾದ ಮೀನನ್ನು ಒಂದೇ ತುತ್ತಿಗೆ ಮುಗಿಸಿದಳು.

* * *

ಮರುದಿನ ಬೆಳಿಗ್ಗೆ ಚರ್ಚಿನ ಅಡುಗೆಮನೆಯಲ್ಲಿ ಕಾಜ್ ಬೀಲಾಕ್ ಒಬ್ಬನೇ ಹಿಟ್ಟು ನಾದುತ್ತಿದ್ದ. ಊರಿನ ಬಾರುಗಳಿಗೆಲ್ಲ ಪಿಯೆರೋಗಿ ಹೋಗುವುದು ಅಲ್ಲಿಂದ. ತಲುಪಿಸುವವನು ಕಾಜ್.

“ಕಾಜ್ ಅಂಕಲ್, ಜೆರ್ಸಿ ಎಲ್ಲಿ?”

“ಯಾವ ಜೆರ್ಸಿ?”

“ಅಷ್ಟು ದೊಡ್ಡ ಚೌಕಟ್ಟು ಹಗಲಲ್ಲಿ ಯಾರ ಕಣ್ಣಿಗೂ ಬೀಳದೆ ಹೊರಗೆ ಹೋಯ್ತು. ನಿಮ್ಮ ಪಿಯೆರೋಗಿ ಪೆಟ್ಟಿಗೆ ಬಿಟ್ರೆ ಅದು ಹಿಡಿಸೋ ಸಾಮಾನು ಆ ಬಾರಿಗೆ ಬರೋದೇ ಇಲ್ಲ. ಟಿಲ್‌ಮನ್ ಬರ್ತಾನೆ ಅಂತ ಗೊತ್ತಿದ್ದೋರು ನೀವಿಬ್ರೇ. ವಾಂಡಾಗೆ ಬೇಕಿದ್ದಿದ್ರೆ ಅದು ಅವಳದೇ ಗೋಡೆ, ಕದಿಯೋದ್ಯಾಕೆ? ಊರೆಲ್ಲ ನಿಮ್ಮ ಸಹಿ ನೋಡಿದೆ, ಯಾರಿಗೂ ತೊಂದರೆ ಆಗ್ಲಿಲ್ಲ. ಒಬ್ಬನೇ ಒಬ್ಬ ನೋಡಿದ್ರೆ ಮಾತ್ರ ತೊಂದರೆ.”

ಕಾಜ್ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡ. ತೆಗೆದಾಗ ಮೀಸೆ ಪೂರ್ತಿ ಬೆಳ್ಳಗಾಗಿತ್ತು.

“ಅಭ್ಯಾಸದ ಮೈದಾನದ ಹೊರಗೆ ಇಡೀ ದಿನ ನಿಂತಿದ್ದೆ ಕಣಮ್ಮ. ತಂಡದ ಬಸ್ಸು ಹೊರಟೇ ಹೋಯ್ತು. ಸಹಿ ಖಂಡಿತ ತರ್ತೀನಿ ಅಂತ ಬಾರಲ್ಲಿ ಎಲ್ಲರಿಗೂ ಮಾತು ಕೊಟ್ಟಿದ್ದೆ. ಮನೆಗೆ ಬಂದು ನಾನೇ ಗೀಚಿದೆ. ಅವತ್ತಿಂದ ನಾನು ಬಂದ್ರೆ ಎದ್ದು ಜಾಗ ಕೊಡ್ತಾರೆ ಲೊರೇನ್. ಹೆಂಡತಿ ಹೋದ ಮೇಲೆ ನನಗಿರೋದು ಅದೊಂದೇ ಜಾಗ.”

“ಎಲ್ಲಿಟ್ಟಿದ್ದೀರಾ?”

ಅವನು ಫ್ರೀಜರ್ ಬಾಗಿಲು ತೆಗೆದ. ಕಡುಬುಗಳ ಕೆಳಗೆ ಐವತ್ತೆರಡನೇ ನಂಬರ್ ಮರಗಟ್ಟಿ ಮಲಗಿತ್ತು.

“ನಾನು ಯಾರಿಗೂ ಹೇಳಲ್ಲ,” ಎಂದಳು ಲೊರೇನ್. “ಆದ್ರೆ ಟ್ರಕ್ಕಲ್ಲಿ ಸಿಗದಿದ್ರೂ ನಿನ್ನೆಯಿಂದ ಎಲ್ಲರೂ ನಾರ್ಬ್‌ನೇ ಕಳ್ಳ ಅಂತಿದ್ದಾರೆ.”

* * *

ಟಿಲ್‌ಮನ್ ಬಂದಾಗ ಬಾರ್ ಕಿಕ್ಕಿರಿದಿತ್ತು. ಜೊತೆಗೆ ಅವನ ಮೊಣಕೈ ಎತ್ತರದ ಅಮ್ಮ. ಗಸ್ ಎದೆಯುಬ್ಬಿಸಿ ಅಡ್ಡ ನಿಂತ.

“ಹೋಗಿ ಹೋಗಿ ಪಿಟ್ಸ್‌ಬರ್ಗ್‌ಗಾ?”

“ನಾನೇ ಬಾ ಅಂದೆ. ನಮ್ಮನೆ ಅಲ್ಲಿದೆ,” ಎಂದಳು ಅಮ್ಮ. “ಏನಾದ್ರೂ ಹೇಳೋದಿದ್ಯಾ?”

“ಏನಿಲ್ಲಮ್ಮ. ಕೂತ್ಕೊಳ್ಳಿ,” ಎಂದು ಗಸ್ ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ.

ಆಗ ಕಾಜ್ ಪೆಟ್ಟಿಗೆ ಹೊತ್ತು ಒಳಬಂದ. ಇನ್ನೂ ತಣ್ಣಗಿದ್ದ ಚೌಕಟ್ಟನ್ನು ಮೇಜಿನ ಮೇಲಿಟ್ಟ. ಬಸ್ಸು, ಪೆನ್ನು, ಫ್ರೀಜರ್, ಎಲ್ಲವನ್ನೂ ನಿಂತೇ ಹೇಳಿದ. ನಾರ್ಬ್‌ನ ಕೈ ಹಿಡಿದು ಕ್ಷಮೆ ಕೇಳಿದ.

ಟಿಲ್‌ಮನ್ ಬಗ್ಗಿ ಸಹಿ ನೋಡಿದ. “ಅಬ್ಬಾ, ನನಗೆ ಇಷ್ಟು ದುಂಡಗೆ ಬರೆಯೋಕೆ ಬರಲ್ಲ.”

“ಶಾಲೇಲೂ ಬರ್ತಿರ್ಲಿಲ್ಲ,” ಎಂದಳು ಅಮ್ಮ.

ಅವನು ಜೆರ್ಸಿ ಹೊರತೆಗೆಸಿ, ಹಳೆಯ ಸಹಿಯ ಕೆಳಗೆ ಸರ‍್ರನೆ ತನ್ನದನ್ನು ಎಳೆದ. ನಾರ್ಬ್ ಮೊದಲು ಚಪ್ಪಾಳೆ ತಟ್ಟಿದ. ಕಾಜ್ ಅಳುತ್ತ ನಿಂತಿದ್ದ. ವಾಂಡಾ ಅವನನ್ನು ಅವನ ಜಾಗದಲ್ಲೇ ಕೂರಿಸಿ ಬಿಯರ್ ಇಟ್ಟಳು.

ಗಸ್ ಕನ್ನಡಕ ಏರಿಸಿ ಜೆರ್ಸಿಯ ಮೇಲೆ ಬಗ್ಗಿದ. ಮೇಲಿನ ಸಹಿ ನೋಡಿದ, ಕೆಳಗಿನದು ನೋಡಿದ. ಕೋಳಿ ಕೆದರಿದಂಥ ಎರಡು ಗೆರೆ.

“ಲೊರೇನ್,” ಎಂದು ಮೆಲ್ಲಗೆ ಕರೆದ. “ನನಗ್ಯಾಕೋ ಕೆಳಗಿಂದೇ ಡೂಪ್ಲಿಕೇಟು ಅನ್ನಿಸ್ತಿದೆ ಕಣಮ್ಮ.”