ಆಷಾಢದಲ್ಲಿ ಹೊರಟ ಹಳದಿ ಕಾರು

"ನಾನು ಸಹಿ ಹಾಕಲ್ಲ ಅಂದ್ರೆ ಹಾಕಲ್ಲ. ಜೈಲಿಗೆ ಕಳಿಸಿದ್ರೂ ಸೈ," ಎಂದು ಆ ಹುಡುಗಿ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಕಸ್ತೂರಮ್ಮನವರ ವರಾಂಡದಲ್ಲಿ ನಿಂತು ಹೇಳಿದಾಗ, ಮೊದಲ ಮಾತಿಗೇ ನನಗೆ ಅವಳ ಮೇಲೆ ಅಭಿಮಾನ ಹುಟ್ಟಿತು. ಅಳುತ್ತ ಬರುವವರನ್ನು ಆ ವರಾಂಡದಲ್ಲಿ ಬಹಳ ನೋಡಿದ್ದೇನೆ. ಇವಳು ಸಿಟ್ಟಿನಲ್ಲಿ ಬಂದಿದ್ದಳು.

ಹೆಸರು ಐಶ್ವರ್ಯ. ಮನೆ ಆನೆಕೊಂಡದಲ್ಲಿ. ಪಿ.ಬಿ. ರಸ್ತೆಯ ವಾಮದೇವ ಮೋಟಾರ್ಸ್‌ನಲ್ಲಿ ಕಾರು ಮಾರುವ ಕೆಲಸ. ಆ ಸೋಮವಾರ ಬೆಳಿಗ್ಗೆ ಷೋರೂಮಿನ ಷಟರ್ ಎತ್ತಿದಾಗ, ನಟ್ಟನಡುವೆ ನಿಂತಿರಬೇಕಿದ್ದ ಹಳದಿ ಸ್ಪೋರ್ಟ್ಸ್ ಕಾರು ಇರಲಿಲ್ಲ. ಅದರ ಕೀಲಿ ಇವಳ ಡ್ರಾಯರಿನಲ್ಲಿರುತ್ತಿತ್ತು, ಅದೂ ಮಾಯ. ಮಾಲೀಕರ ಮಗ ಬಸವಕಿರಣ್ ಅಲ್ಲಿಯ ಮ್ಯಾನೇಜರ್. ಅವನು ಒಂದು ಹಾಳೆ ಟೈಪ್ ಮಾಡಿಸಿ ಇವಳ ಮುಂದೆ ತಳ್ಳಿದ್ದ. ನನ್ನಿಂದಲೇ ಕಾರು ಕಾಣೆಯಾಗಿದೆ, ಕ್ಷಮೆ ಕೇಳಿ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿತ್ತು. ಸಹಿ ಹಾಕದಿದ್ದರೆ ಸಂಜೆಯೊಳಗೆ ಅವಳ ಮೇಲೆ ಪೊಲೀಸ್ ದೂರು.

"ಮಾಡದ ತಪ್ಪಿಗೆ ಸಹಿ ಹಾಕಿದ್ರೆ ಈ ಊರಾಗೆ ನನಗೆ ಇನ್ಯಾರು ಕೆಲಸ ಕೊಡ್ತಾರ್ರಿ ಮೇಡಂ?"

"ಆ ಹಾಳೆ ಎಲ್ಲೈತೆ?" ಎಂದು ಕೇಳಿದರು ಕಸ್ತೂರಮ್ಮ.

"ನನ್ನ ಬ್ಯಾಗಿನಾಗೆ ಐತ್ರಿ. ಹರಿದು ಹಾಕಾನ ಅಂದ್ಕಂಡೆ."

"ಹರಿಬ್ಯಾಡ. ಬೇಕಾಗುತ್ತೆ."

ಕಸ್ತೂರಮ್ಮ ವಿಮಾ ಕಂಪನಿಯ ಸರ್ವೇಯರ್ ಆಗಿ ನಿವೃತ್ತರಾದವರು. ಜಖಂ ಆದ ಗಾಡಿಯನ್ನೂ ಅದರ ಮಾಲೀಕ ಹೇಳುವ ಕತೆಯನ್ನೂ ಒಟ್ಟಿಗೆ ಪರೀಕ್ಷಿಸುವುದರಲ್ಲೇ ಅವರ ಸರ್ವಿಸ್ ಕಳೆದಿತ್ತು. ಈಗ ಕಷ್ಟಕ್ಕೆ ಸಿಕ್ಕವರು ಅವರನ್ನು ಹುಡುಕಿಕೊಂಡು ಬರುತ್ತಾರೆ. ನಾನು ಶಬ್ಬೀರ್, ಡ್ರೈವಿಂಗ್ ಸ್ಕೂಲಿನವನು. ನನ್ನ ಹತ್ತಿರ ಕಲಿತೂ ಲೈಸೆನ್ಸ್ ದಕ್ಕದ ಒಬ್ಬರೇ ಒಬ್ಬರು ಈ ಅಕ್ಕ. ಆ ಅವಮಾನಕ್ಕೆ ದಂಡವೆಂಬಂತೆ ಅವರು ಕರೆದ ಕಡೆಗೆಲ್ಲ ನಾನೇ ಗಾಡಿ ಓಡಿಸುತ್ತೇನೆ.

ದಾರಿಯಲ್ಲಿ ಐಶ್ವರ್ಯ ಆ ಕಾರಿನ ಕತೆ ಹೇಳಿದಳು. ವ್ಯಾಪಾರ ಚೆನ್ನಾಗಿದ್ದ ಕಾಲದಲ್ಲಿ ವಾಮದೇವಪ್ಪನವರು ಅದನ್ನು ಕಂಪನಿಯಿಂದ ತರಿಸಿದ್ದರು. ಅದು ಬಂದು ಇಳಿಯುವ ಹೊತ್ತಿಗೆ ಪೇಟೆ ಮಲಗಿತ್ತು.

"ಮಾರ್ಕೆಟ್ ಬಿದ್ರೆ ಮೊದ್ಲು ನಿಲ್ಲೋದು ಇಂಥ ಕಾರೇ ಸರ್. ಮನೆಗೆ ಬೇಕಾದ ಕಾರನ್ನ ಹೆಂಗೋ ತಗೋತಾರೆ, ಇದನ್ನ ಮುಂದಿನ ವರ್ಷ ನೋಡಾನ ಅಂತಾರೆ. ಕಂಪನಿನೂ ತಯಾರಿ ಅರ್ಧಕ್ಕೆ ಇಳಿಸ್ತು."

"ಹಂಗಾದ್ರೆ ಬೆಲೆ ಇಳಿಸಬೇಕಿತ್ತಲ್ಲ?" ಎಂದೆ.

"ಕಂಪನಿ ಇಳಿಸಲ್ರಿ. ಇಳಿಸಿದ್ರೆ ಹೆಸರು ಕೆಡುತ್ತಂತೆ. ಪೇಪರಿನಾಗೆ ಬೆಲೆ ಹಂಗೇ ಇರುತ್ತೆ, ಡಿಸ್ಕೌಂಟ್ ಮಾತ್ರ ಡೀಲರ್ ಕೈಯಿಂದ. ಕಾರು ನಿಂತಷ್ಟೂ ದಿನ ಬ್ಯಾಂಕಿನ ಬಡ್ಡಿನೂ ಡೀಲರಿಗೇ."

ಬಡ್ಡಿಯ ಹೊಡೆತಕ್ಕೆ ಷೋರೂಮು ಕಾವಲುಗಾರನನ್ನು ಬಿಡಿಸಿತ್ತು, ಹಿಂಭಾಗದ ಕ್ಯಾಮೆರಾ ಕೆಟ್ಟರೂ ರಿಪೇರಿ ಮಾಡಿಸಿರಲಿಲ್ಲ. ಕೆಟ್ಟು ನಿಂತ ಕಾರುಗಳನ್ನು ಹೊತ್ತು ತರುವ ಟೋಯಿಂಗ್ ಲಾರಿಯ ಡ್ರೈವರನೂ ಹೋಗಿದ್ದ. ಈಗ ಅದನ್ನು ಷೋರೂಮಿನಲ್ಲಿ ಓಡಿಸಲು ಬರುವವರು ಯಾರಾದರೂ ಓಡಿಸುತ್ತಿದ್ದರು.

ಕೊನೆಗೆ ಆಷಾಢದ ಕೊಡುಗೆಯೆಂದು ದೊಡ್ಡ ಬೋರ್ಡು ಇಟ್ಟು, ಭಾರಿ ರಿಯಾಯಿತಿಗೆ ಐಶ್ವರ್ಯ ಒಬ್ಬ ಗಿರಾಕಿಯನ್ನು ಹಿಡಿದಿದ್ದಳು. ಹರಿಹರದ ಕೊಟ್ಟೂರೇಶ್, ನಟ್ಟು ಬೋಲ್ಟಿನ ಕಾರ್ಖಾನೆಯವರು. ಆಷಾಢದಲ್ಲಿ ಬುಕಿಂಗ್, ಶ್ರಾವಣದ ಮೊದಲ ಸೋಮವಾರ ಡೆಲಿವರಿ. ಅದಕ್ಕೆ ಇನ್ನು ಒಂದೇ ವಾರ ಉಳಿದಿತ್ತು. ಆ ದಿನ ಕಾರು ಕೊಡಲಾಗದಿದ್ದರೆ ಮುಂಗಡ ವಾಪಸ್, ಬುಕಿಂಗ್ ರದ್ದು ಎಂಬ ಕರಾರೂ ಇತ್ತು.

ಷೋರೂಮಿನಲ್ಲಿ ಕಾರು ನಿಲ್ಲುತ್ತಿದ್ದ ಕಟ್ಟೆ ಬೋಳಾಗಿತ್ತು. ಐಶ್ವರ್ಯ ಅದರ ಸುತ್ತ ನೋಡಿ, "ಬೋರ್ಡೂ ಇಲ್ಲ ಮೇಡಂ. ಶನಿವಾರ ಇಲ್ಲೇ ಇತ್ತು," ಎಂದಳು. ಬೋರ್ಡು ಸ್ಟೋರ್ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ನಿಂತದ್ದು ಆಮೇಲೆ ಸಿಕ್ಕಿತು.

ವಾಮದೇವಪ್ಪನವರು ಹಣೆಯ ತುಂಬ ವಿಭೂತಿ ಧರಿಸಿದ ಹಿರಿಯರು. "ಬರ್ರಿ, ಕೂಡ್ರಿ," ಎಂದು ಕ್ಯಾಬಿನ್ನಿನಲ್ಲಿ ಕೂರಿಸಿ ಚಹಾ ತರಿಸಿದರು. ಗೋಡೆಯ ಮೇಲೆ ಹಳೆಯದೊಂದು ಕಟ್ಟಡದ ಫೋಟೋ ಇತ್ತು.

"ನಮ್ಮಪ್ಪಾರ ಹತ್ತಿ ಗೋದಾಮು, ಹರಿಹರದಾಗೆ ಐತೆ. ಈಗ ಆ ಕಡೆ ಯಾರೂ ಹೋಗಲ್ಲ. ಕೀಲಿ ಇಲ್ಲೇ ನೇತಾಡ್ತಿರುತ್ತೆ," ಎಂದು ತಿರುಗಿ ನೋಡದೆಯೇ ಕೈ ತೋರಿಸಿದರು. ಅವರು ತೋರಿಸಿದ ಕಡೆ ನನಗೆ ಮೊಳೆಯೊಂದೇ ಕಂಡಿತು.

"ವಿಮೆಯವರಿಗೆ ತಿಳಿಸಿದ್ರಾ?" ಎಂದು ಕಸ್ತೂರಮ್ಮ ಕೇಳಿದರು.

"ಕಿರಣ್ ತಿಳಿಸಿರ್ಬೇಕು."

ಬಾಗಿಲಲ್ಲಿ ನಿಂತಿದ್ದ ಬಸವಕಿರಣ್, "ತಿಳಿಸ್ತೀನಿ, ಗಡಿಬಿಡಿಯಾಗಿತ್ತು," ಎಂದ. ಹಾಲಿನಂಥ ಬಿಳಿ ಬೂಟು, ಮೈಗಂಟಿದ ಅಂಗಿ. ನನಗಂತೂ ಅವನ ಮುಖ ಕಂಡರಾಗಲಿಲ್ಲ.

"ಗಾಡಿನ ಯಾರಾದರೂ ತೊಳೆಯೋಕೆ ಅಂತ ಹೊರಗೆ ತೆಗೆದಿದ್ರಾ, ಯಜಮಾನ್ರೇ?" ಎಂದರು ಕಸ್ತೂರಮ್ಮ.

"ಛೇ ಛೇ! ಆಷಾಢದಾಗೆ ಹೊಸ ಗಾಡಿನ ಒಂದಡಿ ಸರಿಸಾಕೂ ನಾನು ಬಿಡಲ್ರಿ. ಗಾಲಿ ಕೆಳಗೆ ನಿಂಬೆಹಣ್ಣು ಇಡದೆ ಒಂದು ಗಾಡಿನೂ ನನ್ನ ಗೇಟು ದಾಟಿಲ್ಲ. ಇವನು ಚಿಕ್ಕೋನಿದ್ದಾಗ ಓಡೋಡಿ ಬಂದು ಹಣ್ಣು ಇಡೋನು. ಈಗ ನಗ್ತಾನೆ."

"ಅಪ್ಪಾರು ಇನ್ನೂ ಹಳೇ ಕಾಲದಾಗೇ ಅದಾರೆ," ಎಂದು ಮಗ ನಕ್ಕ.

ಅಷ್ಟರಲ್ಲಿ ಕೊಟ್ಟೂರೇಶ್ ನುಗ್ಗಿದರು. ಬಿಳಿ ಪಂಚೆ, ನರೆತ ಮೀಸೆ, ಎತ್ತರದ ದನಿ. "ಎಲ್ರೀ ನನ್ನ ಕಾರು? ಪೇಟೆ ಬಿತ್ತು ಅಂತ ಊರೆಲ್ಲ ತಲೆ ಮ್ಯಾಲೆ ಕೈ ಹೊತ್ಕಂಡು ಕುಂತಾಗ ಧೈರ್ಯ ಮಾಡಿದೋನು ನಾನು. ಹರೇದಾಗೆ ಕಂಡ ಆಸೆ ಅದು. ಈ ವಯಸ್ಸಿನಾಗೆ ಕೈಗೆಟುಕಿದ್ದನ್ನ ಬಿಡ್ತೀನೇನು?"

"ತಡೀರಿ ಕೊಟ್ಟೂರೇಶ್ರೇ," ಎಂದರು ವಾಮದೇವಪ್ಪ. "ಒಂದೆರಡು ತಿಂಗಳಿನಾಗೆ ಕಂಪನಿ ಇನ್ನೊಂದು ಕಳಿಸುತ್ತೆ. ಅದೇ ರೇಟಿಗೆ ಕೊಡ್ತೀನಿ."

"ಆ ಕಾರು ಇನ್ನು ಬರಲ್ಲ ಬಿಡ್ರಿ," ಎಂದ ಬಸವಕಿರಣ್. "ಮುಂಗಡ ವಾಪಸ್ ತಗಳ್ರಿ, ಬೇರೆ ಮಾಡೆಲ್ ತೋರಿಸ್ತೀನಿ."

ನನ್ನ ಅನುಮಾನ ಮೊದಲು ಈ ಕೊಟ್ಟೂರೇಶರ ಮೇಲೆಯೇ ಹೋಗಿತ್ತು. ಕಾರ್ಖಾನೆ ಡಲ್ಲು ಹೊಡೆದಾಗ ಉಳಿದ ಹಣ ಹೊಂದಿಸಲಾಗದೆ, ಮುಂಗಡ ಬಿಡಿಸಿಕೊಳ್ಳಲು ನಾಟಕ ಆಡುತ್ತಿರಬಹುದಲ್ಲ? ಆದರೆ ಮುಂಗಡ ವಾಪಸ್ ಎಂದೊಡನೆ ಆ ಮನುಷ್ಯನ ಕಣ್ಣಲ್ಲಿ ನೀರಾಡಿತು. ಅದನ್ನು ನೋಡಿ ನನಗೇ ನಾಚಿಕೆಯಾಯಿತು.

ನಂತರ ಹಿಂಭಾಗದ ತೊಳೆಯುವ ಜಾಗಕ್ಕೆ ಹೋದೆವು. ಹಿಂಬಾಗಿಲ ಆಚೆ ರಸ್ತೆಯುಬ್ಬು ಗೋಡೆಯಂತೆ ಎದ್ದಿತ್ತು. ಅದಕ್ಕೆ ಬಳಿದ ಬಿಳಿ ಬಣ್ಣ ಒಂದಿಷ್ಟೂ ಕಿತ್ತುಹೋಗಿರಲಿಲ್ಲ. ಪಕ್ಕದಲ್ಲೇ ಟೋಯಿಂಗ್ ಲಾರಿ ನಿಂತಿತ್ತು. ಅದರ ಹಿಂದೆ ನೆಲದಲ್ಲಿ ಎರಡು ನಿಂಬೆಹಣ್ಣು ಅಗಲವಾಗಿ ಚಪ್ಪಟೆಯಾಗಿ ಬಿದ್ದಿದ್ದವು. ಬಸವಕಿರಣ್ ಅವುಗಳಿಂದ ದೂರ ಸರಿದು ಸುತ್ತು ಹಾಕಿ ನಡೆದ. ಹಾಗೆ ಹೋಗುವಾಗ ಚೆಲ್ಲಿದ್ದ ಎಂಜಿನ್ ಆಯಿಲ್ ತುಳಿದು ಅವನ ಬಿಳಿ ಬೂಟು ಕಪ್ಪಾಯಿತು. ನನಗೆ ಒಳಗೊಳಗೇ ಖುಷಿಯೋ ಖುಷಿ.

ಕಸ್ತೂರಮ್ಮ ಬೆಂಗಳೂರಿಗೆ ಒಂದು ಫೋನ್ ಮಾಡಿದರು. "ಶಬ್ಬೀರಾ, ಹರಿಹರಕ್ಕೆ ನಡಿ," ಎಂದರು. ಅಲ್ಲಿ ಒಂದು ಓಣಿಯ ತುದಿಯಲ್ಲಿ ನನ್ನನ್ನು ಕಾರಿನಲ್ಲೇ ಕೂರಿಸಿ ತಾವೊಬ್ಬರೇ ಇಳಿದು ಹೋದರು. ತಿರುಗಿ ಬಂದಾಗ ಸೀರೆಯ ಅಂಚಿಗೆ ಜೇಡರ ಬಲೆ ಅಂಟಿತ್ತು.

"ಏನ್ ನೋಡಿದ್ರಿ ಅಕ್ಕಾರೆ?"

"ಸಂಜೆ ಹೇಳ್ತೀನಿ."

"ನಾನೇನು ಬರೀ ಡ್ರೈವರಾ?"

"ನೀನು ಬಾಯಿ ಹಿಡಿದು ಕೂತ್ಕಳ್ಳೋನಲ್ಲ, ಅದಕ್ಕೆ," ಎಂದರು. ದಾವಣಗೆರೆ ಮುಟ್ಟುವವರೆಗೂ ನಾನು ಅವರ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಸಂಜೆ ಆ ಬೋಳು ಕಟ್ಟೆಯ ಸುತ್ತ ಎಲ್ಲರೂ ಸೇರಿದರು. ಕೆಲಸಗಾರರೂ ಇದ್ದರು. ಇನ್‌ಸ್ಪೆಕ್ಟರ್ ನಿಂಗರಾಜು ದೂರು ಬರೆದುಕೊಳ್ಳಲು ಬಂದಿದ್ದರು. "ಮೊದ್ಲು ಮೇಡಂ ಮಾತು ಕೇಳೋಣ," ಎಂದು ಕುರ್ಚಿ ಎಳೆದುಕೊಂಡರು.

"ಕಾರು ಓಡಿ ಹೋಗಿಲ್ಲ," ಎಂದು ಕಸ್ತೂರಮ್ಮ ಶುರು ಮಾಡಿದರು. "ಮುಂದುಗಡೆ ಕ್ಯಾಮೆರಾ ಐತೆ, ಅದರಾಗೆ ಏನೂ ಬಿದ್ದಿಲ್ಲ. ಹೋದದ್ದು ಹಿಂದಿನಿಂದ. ಅಲ್ಲಿ ಆ ಉಬ್ಬು ಐತಲ್ಲ, ಅಷ್ಟು ತಗ್ಗಿನ ಕಾರು ಅದನ್ನ ದಾಟಿದ್ರೆ ಹೊಟ್ಟೆ ಕೆರೆದು ಬಣ್ಣ ಕಿತ್ತು ಬರ್ತಿತ್ತು. ಬಣ್ಣ ಹಂಗೇ ಐತೆ. ಅಂದ್ರೆ ಯಾರೋ ಭಾನುವಾರ ರಜೆ ನೋಡ್ಕಂಡು ಈ ಷೋರೂಮಿನ ಲಾರಿ ಮ್ಯಾಲೇ ಅದನ್ನ ಹೊತ್ಕಂಡು ಹೋದ್ರು. ಒಳಗಿನೋರ ಕೆಲಸ."

"ಅದನ್ನೇ ನಾನೂ ಹೇಳಿದ್ದು," ಎಂದ ಬಸವಕಿರಣ್, ಐಶ್ವರ್ಯಳ ಕಡೆ ನೋಡುತ್ತ.

"ತಡಿಯಪ್ಪ. ವಿಮೆ ಹಣಕ್ಕೆ ಮಾಡಿರಬಹುದು ಅಂತ ಊರೋರು ಆಡ್ಕಳ್ತಾರೆ. ಆದ್ರೆ ವಿಮೆಗೆ ಆಸೆಪಟ್ಟೋನು ಮೊದ್ಲು ಫೋನ್ ಮಾಡೋದೇ ಅಲ್ಲಿಗೆ. ಇಲ್ಲಿ ಯಾರೂ ಮಾಡೇ ಇಲ್ಲ. ಯಾಕ? ಕಾರು ತಿರುಗಿ ಬರೋದು ಅವನಿಗೆ ಗೊತ್ತಿತ್ತು. ಇನ್ನು ಆ ಬೋರ್ಡು. ಕಳ್ಳನಿಗೆ ಡಿಸ್ಕೌಂಟ್ ಬೋರ್ಡಿನ ಜೊತೆ ಏನ್ ಜಗಳ? ಆ ರಿಯಾಯಿತಿ ಕಂಡ್ರೆ ಹೊಟ್ಟೆ ಉರಿಯೋನೇ ಅದನ್ನ ತೆಗೆದಿಟ್ಟದ್ದು."

ಅವರು ಕರವಸ್ತ್ರ ಬಿಚ್ಚಿ ಚಪ್ಪಟೆಯಾದ ಆ ನಿಂಬೆಹಣ್ಣುಗಳನ್ನು ಮೇಜಿನ ಮೇಲಿಟ್ಟರು. "ಆಷಾಢದಾಗೆ ಡೆಲಿವರಿ ಒಂದೂ ಇಲ್ಲ, ಆದ್ರೂ ಅಗಲವಾದ ಗಾಲಿ ಇವುಗಳ ಮ್ಯಾಲೆ ಹತ್ತೈತೆ. ಕದ್ದ ಮಾಲಿನ ಯೋಗಕ್ಷೇಮಕ್ಕೆ ಯಾವ ಕಳ್ಳ ನಿಂಬೆಹಣ್ಣು ಇಡ್ತಾನೆ? ಕಾರು ತನ್ನದೇ ಅಂದ್ಕಂಡೋನೇ ಇಟ್ಟಿದ್ದು."

ಎಲ್ಲರ ಕಣ್ಣೂ ವಾಮದೇವಪ್ಪನವರ ವಿಭೂತಿಯ ಮೇಲೆ ಹೋಯಿತು. ಅವರು ಬಿಳಿಚಿಕೊಂಡರು.

"ಯಜಮಾನ್ರಲ್ಲ," ಎಂದರು ಕಸ್ತೂರಮ್ಮ. "ಅವರಾಗಿದ್ರೆ ಆಷಾಢದಾಗೆ ಕಾರು ಅಲುಗಾಡಿಸ್ತಿರ್ಲಿಲ್ಲ. ಪಂಚಾಂಗ ನಂಬಲ್ಲ, ಆದ್ರೆ ಚಿಕ್ಕಂದಿನಿಂದ ಕೈಗೆ ಬಂದ ರೂಢಿ ಬಿಡಾಕಾಗಲ್ಲ, ಅಂಥೋನು ಒಬ್ಬನೇ ಇಲ್ಲಿರೋದು. ಕಿರಣ್, ಬೆಳಿಗ್ಗೆ ಈ ಹಣ್ಣು ಕಂಡು ಸುತ್ತು ಹಾಕಿ ಹೋದೆ ಯಾಕ?"

"ಬೂಟು ಗಲೀಜಾಗುತ್ತೆ ಅಂತ."

"ಆ ಬೂಟಿನಾಗೇ ಆಯಿಲ್ ತುಳಿದೆಯಲ್ಲಪ್ಪ!"

ಯಾರೋ ಹಿಂದೆ ಕಿಸಕ್ಕೆಂದರು. ನಾನೇ ಇರಬೇಕು.

"ಇನ್ನೊಂದು ಮಾತು. ನಿಮ್ಮಪ್ಪ ಇನ್ನೊಂದು ಕಾರು ಬರುತ್ತೆ ಅಂದ್ರು, ನೀನು ಬರಲ್ಲ ಅಂದೆ. ನಾನು ಬೆಂಗಳೂರಿಗೆ, ಕಂಪನಿ ಆಫೀಸಿಗೆ ಫೋನ್ ಮಾಡಿ ಕೇಳಿದೆ. ಮಂದಿ ಕೊಳ್ತಿಲ್ಲ ಅಂತ ಆ ಮಾಡೆಲ್ ತಯಾರಿನೇ ನಿಲ್ಲಿಸಿಬಿಟ್ಟಾರೆ. ಶನಿವಾರ ಡೀಲರುಗಳ ಮೀಟಿಂಗಿನಾಗೆ ಹೇಳಿದ್ರಂತೆ. ಇಲ್ಲಿಂದ ಹೋಗಿದ್ದೋನು ನೀನು. ಇಷ್ಟು ದಿನ ಬ್ಯಾಡವಾಗಿದ್ದ ಕಾರು, ಇನ್ನು ಸಿಗಲ್ಲ ಅಂದ ಕೂಡ್ಲೆ ಶೋಕಿದಾರರಿಗೆಲ್ಲ ಬೇಕಾಯ್ತು. ರಿಯಾಯಿತಿ ಹೋಗಿ ದುಪ್ಪಟ್ಟು ಬೆಲೆ ಬಂತು. ಅಡ್ಡ ಇದ್ದದ್ದು ಕೊಟ್ಟೂರೇಶರ ಬುಕಿಂಗ್ ಒಂದೇ. ಮುಂದಿನ ಸೋಮವಾರ ಕಳೆದ್ರೆ ಅದು ರದ್ದು, ಆಮೇಲೆ ಕಾರು ಎಲ್ಲೋ ಸಿಕ್ತು ಅನ್ನೋದು. ನಡುವೆ ಒಬ್ಬ ಕಳ್ಳಿ ಬೇಕಿತ್ತು, ಅದಕ್ಕೆ ಐಶ್ವರ್ಯ."

"ಕಾರೆಲ್ಲೈತೆ ಮೇಡಂ?" ಎಂದರು ನಿಂಗರಾಜು.

"ಹರಿಹರದ ಹತ್ತಿ ಗೋದಾಮಿನಾಗೆ. ಕ್ಯಾಬಿನ್ನಿನ ಮೊಳೆ ಖಾಲಿ ಕಂಡಾಗಲೇ ಅನುಮಾನ ಬಂತು. ಕಿಟಕಿಯಿಂದ ಹಣಿಕಿ ನೋಡಿದೆ. ತಾಡಪಾಲು ಹೊದಿಸ್ಯಾರೆ, ಹಳದಿ ಮೂತಿ ಮಾತ್ರ ಹೊರಗೈತೆ."

ಬಸವಕಿರಣ್ ಎದ್ದು ನಿಂತ. ತಲೆ ತಗ್ಗಿಸುತ್ತಾನೆಂದುಕೊಂಡಿದ್ದೆ, ಅವನು ತಗ್ಗಿಸಲಿಲ್ಲ. "ಹೌದು, ಮಾಡಿದೆ! ಅದು ನಿಂತಷ್ಟು ದಿನ ಬಡ್ಡಿ ಕಟ್ಟಿದ್ದು ನಾವು. ಬೆಲೆ ಬಿದ್ದಾಗ ನಷ್ಟ ನಮ್ದು, ಏರಿದಾಗ ಲಾಭ ಮಾತ್ರ ಅವರದ್ದಾ? ಇದು ಯಾವ ನ್ಯಾಯ?"

ಉತ್ತರ ಕೊಟ್ಟವರು ವಾಮದೇವಪ್ಪನವರು. "ಕೊಟ್ಟ ಮಾತು ಕೊಟ್ಟಿದ್ದೇ ಕಣೋ. ಬಡ್ಡಿ ಸಂಕಟ ನನಗೂ ಗೊತ್ತು. ಅದಕ್ಕೆ ಈ ಹುಡುಗಿನ ಕಳ್ಳಿ ಮಾಡ್ತೀಯಾ? ಇನ್‌ಸ್ಪೆಕ್ಟ್ರೇ, ನನ್ನ ಮಗ ಅಂತ ಬಿಡಬ್ಯಾಡ್ರಿ. ಕೊಟ್ಟೂರೇಶ್ರೇ, ಕಾರು ನಿಮ್ದೇ, ಬರೆದ ರೇಟಿಗೇ." ಆಮೇಲೆ ಐಶ್ವರ್ಯಳ ಕಡೆ ತಿರುಗಿದರು. "ನೀನು ನಾಳೆಯಿಂದ ಕೆಲಸಕ್ಕೆ ಬಾರಮ್ಮ. ಸಂಬಳ ಜಾಸ್ತಿ ಮಾಡ್ತೀನಿ. ಇದನ್ನ ಇಲ್ಲಿಗೇ ಮರೆತುಬಿಡು."

"ಸಂಬಳದ ಮಾತು ಆಮ್ಯಾಲೆ ಸರ್," ಎಂದಳು ಐಶ್ವರ್ಯ.

ಬ್ಯಾಗಿನಿಂದ ಆ ಹಾಳೆ ತೆಗೆದಳು. ಟೈಪ್ ಮಾಡಿದ್ದ ತನ್ನ ಹೆಸರಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಬಸವಕಿರಣ್ ಎಂದು ಬರೆದು, ಅದನ್ನು ಅವನ ಮುಂದೆ ಇಟ್ಟಳು.

"ಮಾತೆಲ್ಲ ನೀವೇ ಬರೆಸಿದ್ದು ಸರ್. ನನ್ನಿಂದಲೇ ಕಾರು ಕಾಣೆಯಾಗಿದೆ, ಕ್ಷಮೆ ಕೇಳಿ ಕೆಲಸ ಬಿಡುತ್ತಿದ್ದೇನೆ. ಒಂದಕ್ಷರನೂ ಬದಲಾಯಿಸೋ ಹಂಗಿಲ್ಲ. ಎಲ್ಲರ ಮುಂದೆ ಜೋರಾಗಿ ಓದಿ ಸಹಿ ಹಾಕ್ರಿ. ಆಮ್ಯಾಲೆ ನಾನು ಕೆಲಸಕ್ಕೆ ಬರ್ತೀನಿ."

ಅವನು ಅಪ್ಪನ ಮುಖ ನೋಡಿದ. ವಾಮದೇವಪ್ಪ ತಮ್ಮ ಜೇಬಿನ ಪೆನ್ನು ತೆಗೆದು ಅವನ ಕೈಗೆ ಕೊಟ್ಟರು. ಓದುವಾಗ ಅವನ ದನಿ ಎರಡು ಕಡೆ ಸಿಕ್ಕಿಕೊಂಡಿತು. ಐಶ್ವರ್ಯ ಕೊನೆಯವರೆಗೂ ಕೈಕಟ್ಟಿ ನಿಂತು ಕೇಳಿದಳು.

ಶ್ರಾವಣದ ಮೊದಲ ಸೋಮವಾರ ನಾವೂ ಹೋಗಿದ್ದೆವು. ಕೊಟ್ಟೂರೇಶ್ ಹೊಸ ಪಂಚೆ ಉಟ್ಟು ಬಂದಿದ್ದರು. ಕಾರನ್ನು ಷೋರೂಮಿನಿಂದ ಐಶ್ವರ್ಯಳೇ ಹೊರಗೆ ತರಬೇಕೆಂದು ಹಟ ಹಿಡಿದರು. ಅವಳು ಸ್ಟೀರಿಂಗ್ ಹಿಡಿದು ಕೂತಾಗ, ವಾಮದೇವಪ್ಪ ನಿಂಬೆಹಣ್ಣು ಕೈಯಲ್ಲಿ ಹಿಡಿದು ಸಂಕೋಚದಿಂದ ನಿಂತೇಬಿಟ್ಟರು.

"ಇಡ್ರಿ ಸರ್, ಯಾಕ ನಿಂತ್ರಿ?" ಎಂದಳು ಅವಳು ಕಿಟಕಿಯಿಂದ ತಲೆ ಹಾಕಿ. "ಹಾಡುಹಗಲು, ಮುಂದಿನ ಬಾಗಿಲು, ಎಲ್ಲರ ಎದುರಿಗೆ. ಈ ಸಲ ಮುಚ್ಚಿಡೋದು ಏನೈತೆ?"

ಅವರು ಬಗ್ಗಿ ಹಣ್ಣು ಇಟ್ಟರು. ಅವಳು ಎಂಜಿನ್ ಗುಡುಗಿಸಿ, ಅವುಗಳ ಮೇಲೆ ಹತ್ತಿಸಿ, ಪಿ.ಬಿ. ರಸ್ತೆಗೆ ಇಳಿದಳು.