ಕೊಂಬಿನ ಹಿಡಿ

ಬೆರಳ ಗೆಣ್ಣುಗಳು ಊದಿಕೊಂಡ ಮೇಲೆ ಅಪ್ಪನ ರಿವಾಲ್ವರಿನ ಮರದ ಹಿಡಿ ನನ್ನ ಕೈಗೆ ಕೂರುತ್ತಿರಲಿಲ್ಲ. ಮೊಂಟಾನಾದ ಬಂದೂಕು ಸಂತೆಯೊಂದರಲ್ಲಿ ಜಿಂಕೆಕೊಂಬಿನ ಹಿಡಿ ಸಿಕ್ಕಿತು. ಮುಟ್ಟಿದ ಕೂಡಲೇ ನನಗೆಂದೇ ಮಾಡಿಸಿದಂತೆ ಹೊಂದಿಕೊಂಡಿತು.

"ಯಾರದಪ್ಪಾ ಇದು?" ಎಂದೆ.

"ನಿನ್ನ ಕೈಗೆ ಸರಿಹೋಯ್ತಲ್ಲಜ್ಜಾ, ತಗೊಂಡ್ಹೋಗು. ಯಾರದ್ದಾದ್ರೇನು?" ಎಂದು ಮಾರುವವನು ನಕ್ಕ. ನಗುತ್ತಲೇ ಅಂಗೈಯನ್ನು ಪ್ಯಾಂಟಿಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದ.

ಮನೆಗೆ ತಂದು ರಿವಾಲ್ವರಿಗೆ ಕೂರಿಸಿದೆ. ಕೊಳಾಯಿಯ ನೀರೇ ಹೆಪ್ಪುಗಟ್ಟುವ ಚಳಿಯಲ್ಲೂ ಆ ಹಿಡಿ ಬೆಚ್ಚಗಿರುತ್ತಿತ್ತು, ಬೆವೆತ ಕೈಯೊಂದು ಈಗಷ್ಟೇ ಬಿಟ್ಟುಹೋದಂತೆ. ಎಷ್ಟು ಒರೆಸಿದರೂ ಮತ್ತೆ ಜಿಡ್ಡು. ಸೋಪು ಹಾಕಿ ತೊಳೆದ ಮೇಲೂ ನನ್ನ ಕೈಯಲ್ಲಿ ಹಳೆಯ ಕಾಲುಚೀಲದ ನಾತ.

"ಏ ಮುದುಕಾ, ಆ ಕೈಲಿ ನನ್ನ ಬ್ರೆಡ್ ಮುಟ್ಟಬೇಡ," ಎಂದಳು ಹೆಂಡತಿ ಲೋರ್ನಾ. "ಆ ಪಿಶಾಚೀನ ಮಾರು, ಇಲ್ಲಾ ಕುದುರೆ ಲಾಯದಲ್ಲಿ ಕೂತು ಉಣ್ಣು."

"ರಿವಾಲ್ವರ್ ಅಪ್ಪನದು ಕಣೇ. ಹೆಂಗೆ ಮಾರ್ಲಿ?"

ಹಿಡಿ ಬಿಚ್ಚಿದೆ. ಅಡಿಯ ಉಕ್ಕಿನ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿತ್ತು. ಅದರಲ್ಲಿ ಅಂಗೈಯ ಗೆರೆಗಳಿದ್ದವು. ಪೊರೆಯನ್ನು ಕೆರೆದು ತೆಗೆದು, ಕೊಂಬನ್ನು ಒಲೆಗೆ ಎಸೆದು, ಅಪ್ಪನ ಮರದ ಹಿಡಿಯನ್ನೇ ಮತ್ತೆ ಕೂರಿಸಿದೆ. ಗೆಣ್ಣು ನೋಯಲಿ, ರಿವಾಲ್ವರ್ ಉಳಿಯಿತಲ್ಲ ಎಂದುಕೊಂಡೆ.

ಬೆಳಿಗ್ಗೆ ಕಾಫಿ ಕುಡಿದು ರಿವಾಲ್ವರಿನ ಪೆಟ್ಟಿಗೆ ತೆರೆದೆ. ಮರದ ಮೇಲೂ ಅದೇ ಪೊರೆ ಬೆಳೆದಿತ್ತು. ಉಗುರಿನಿಂದ ಅಂಚನ್ನು ಎತ್ತಿ ಸ್ವಲ್ಪ ಸುಲಿದೆ.

ಸುಲಿದ ಜಾಗದಲ್ಲಿ ರಕ್ತ ಜಿನುಗಿತು. ನನ್ನ ಕೈಯಲ್ಲಿ ಎಲ್ಲೂ ಗಾಯವಿರಲಿಲ್ಲ.