ಎರಡು ಸಲ ಬರುವ ಗಂಟೆ

ಆ ವಸ್ತುಸಂಗ್ರಹಾಲಯದ ಕಂಪ್ಯೂಟರುಗಳನ್ನು ಹನ್ನೆರಡು ವರ್ಷ ಮಕ್ಕಳಂತೆ ಸಾಕಿದವಳು ಅವಳು. ಉಪನಿರ್ದೇಶಕನ ಕುರ್ಚಿ ಸಿಕ್ಕಿದ್ದು ನಿರ್ದೇಶಕರ ಭಾವಮೈದನಿಗೆ. ಪಾಸ್‌ವರ್ಡ್ ಮರೆತುಹೋಯಿತೆಂದು ವಾರಕ್ಕೆರಡು ಸಲ ಫೋನು ಮಾಡುವ ಭಾವಮೈದನಿಗೆ! ಸುದ್ದಿ ಕೇಳಿದ ದಿನ ಅವಳು ಅಳಲಿಲ್ಲ. ಎರಡನೇ ಮಹಡಿಗೆ ಹೋಗಿ, ಗಾಜಿನ ಪೆಟ್ಟಿಗೆಯಲ್ಲಿದ್ದ ಬೆರಳುದ್ದದ ಚಿನ್ನದ ಹಕ್ಕಿಯ ಮುಂದೆ ನಿಂತಳು. ಅದರ ಕೆಂಪುಕಲ್ಲಿನ ಕಣ್ಣು ತನ್ನನ್ನು ನೋಡಿ ಮಿಟುಕಿದಂತೆನಿಸಿತು.

ಅದನ್ನು ಕದಿಯುವ ದಾರಿ ಅವಳಿಗೆ ಹೋದ ವರ್ಷವೇ ಕಂಡಿತ್ತು. ಆ ದೇಶದಲ್ಲಿ ಚಳಿಗಾಲಕ್ಕೆ ಮುಂಚಿನ ಒಂದು ಭಾನುವಾರ, ಬೆಳಗಿನ ಜಾವ ಎರಡಕ್ಕೆ, ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟಿದ್ದ ಗಡಿಯಾರಗಳೆಲ್ಲ ಹಿಂದಕ್ಕೆ ಸರಿದು ಮತ್ತೆ ಒಂದು ತೋರಿಸುತ್ತವೆ. ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತದೆ. ಕ್ಯಾಮೆರಾಗಳ ತಂತ್ರಾಂಶಕ್ಕೆ ಇದು ತಿಳಿಯದು. ಎರಡನೇ ಸಲದ ಚಿತ್ರವನ್ನು ಮೊದಲ ಸಲದ್ದರ ಮೇಲೇ ಬರೆದು ಮೊದಲನೆಯದನ್ನು ಅಳಿಸಿಬಿಡುತ್ತಿತ್ತು. ಪೆಟ್ಟಿಗೆಗಳ ಬೀಗದ ದಾಖಲೆಯ ಕತೆಯೂ ಅಷ್ಟೇ. ವರದಿ ಮಾಡಬೇಕಾದ ದೋಷ. ಅವಳು ಮಾಡಲಿಲ್ಲ.

ಈ ವರ್ಷದ ಸಭೆಯಲ್ಲಿ ನಿರ್ದೇಶಕರು ಕೇಳಿದರು: "ಏನಮ್ಮಾ, ಟೈಮ್ ಬದಲಾದಾಗ ನಮ್ಮ ಸಿಸ್ಟಮ್‌ಗೆ ತಲೆ ಕೆಡಲ್ಲ ತಾನೇ?"

"ನಿಶ್ಚಿಂತೆಯಿಂದಿರಿ ಸಾರ್. ಎಲ್ಲಾ ಪರೀಕ್ಷೆ ಮಾಡಿದೀನಿ."

"ಅಲ್ಲ, ಒಂದೇ ಗಂಟೆ ಎರಡ್ಸಲ ಬರೋದು ಅಂದ್ರೆ ಹೇಗೆ?" ಭಾವಮೈದ ತಲೆ ಕೆರೆದುಕೊಂಡ.

"ನೀವು ಒಂದು ಗಂಟೆ ಜಾಸ್ತಿ ಮಲಗಬಹುದು ಅಂತ, ಸಾರ್."

ಎಲ್ಲರೂ ನಕ್ಕರು. ಆ ರಾತ್ರಿ ತಾನೇ ಖುದ್ದಾಗಿ ಕೂತು ನೋಡಿಕೊಳ್ಳುತ್ತೇನೆಂದಾಗ ನಿರ್ದೇಶಕರ ಕಣ್ಣೇ ತುಂಬಿಬಂತು. ಹೊರಬಂದವಳು ಲಿಫ್ಟಿನೊಳಗೆ ಒಬ್ಬಳೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಆ ರಾತ್ರಿ ಮೊದಲ ಸಲ ಒಂದು ಗಂಟೆಯಾದಾಗ ಅವಳು ಕಾವಲುಗಾರನ ಕೋಣೆಯ ಬಾಗಿಲಿಗೆ ಕಿವಿಗೊಟ್ಟಳು. ಒಳಗಿಂದ ಗೊರಕೆ. ಅವನು ದಿನವೂ ಅಷ್ಟು ಹೊತ್ತಿಗೆ ಮಲಗುವುದು ಇಡೀ ಕಟ್ಟಡಕ್ಕೇ ಗೊತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲೇರಿದಳು. ಮೊಬೈಲಿನಿಂದ ಒಂದು ಆದೇಶ ಕೊಟ್ಟಳು. ಪೆಟ್ಟಿಗೆ ಟಕ್ಕೆಂದು ತೆರೆಯಿತು. ಕೆಳಗಿನ ಅಂಗಡಿಯಲ್ಲಿ ಪ್ರವಾಸಿಗರಿಗೆ ಮಾರುವ ನಕಲಿ ಹಕ್ಕಿಯನ್ನು, ಬೆಲೆಚೀಟಿ ಕಿತ್ತು, ಒಳಗಿಟ್ಟಳು. ನಿಜವಾದದ್ದು ಕೈಚೀಲ ಸೇರಿತು. ತಡೆಯಲಾಗಲಿಲ್ಲ, ಕ್ಯಾಮೆರಾದತ್ತ ತಿರುಗಿ, ನಾಲಿಗೆ ಚಾಚಿ, ಎರಡು ಹೆಜ್ಜೆ ಕುಣಿದಳು. ಇನ್ನೊಂದು ಗಂಟೆಗೆ ಇದೆಲ್ಲ ಅಳಿಸಿಹೋಗುವುದು ತಾನೇ!

ಎರಡನೇ ಸಲದ ಒಂದು ಗಂಟೆಯನ್ನು ತನ್ನ ಕೋಣೆಯ ಕ್ಯಾಮೆರಾದ ಕೆಳಗೆ ಕಾಫಿ ಕುಡಿಯುತ್ತ ಸಭ್ಯಳಾಗಿ ಕಳೆದಳು. ಆಮೇಲೆ ದಾಖಲೆ ತೆರೆದು ನೋಡಿದಳು. ಮಹಡಿ ಖಾಲಿ, ಬೀಗ ಭದ್ರ.

ಸೋಮವಾರದ ಸಭೆಯಲ್ಲಿ ಅವಳಿಗೆ ಚಪ್ಪಾಳೆ ಬಿತ್ತು. ಭಾವಮೈದನೂ ತಟ್ಟಿದ. ಅವಳು ತಲೆ ತಗ್ಗಿಸಿ, ನಗು ನುಂಗಿ ಕೂತಿದ್ದಾಗ ಕಾವಲುಗಾರ ಟೋಪಿ ಹಿಂಡುತ್ತ ಒಳಬಂದ. "ಸಾರ್, ನನ್ನ ಓವರ್‌ಟೈಮು. ಹೋದ ವರ್ಷ ಆ ಹೆಚ್ಚಿನ ಗಂಟೆ ದಾಖಲೆಯಲ್ಲೇ ಇಲ್ಲ ಅಂತ ಕೊಡಲಿಲ್ಲ. ಅದಕ್ಕೇ ಈ ಸಲ ನನ್ನ ಮೊಬೈಲನ್ನ ಫ್ಲಾಸ್ಕಿಗೆ ಒರಗಿಸಿ ಎರಡೂ ಗಂಟೆ ವಿಡಿಯೊ ಮಾಡಿದೀನಿ." ನಿರ್ದೇಶಕರು ನೋಡಿ ರೇಗಿದರು: "ನಿದ್ದೆ ಹೊಡೀತಿದೀಯಲ್ಲಯ್ಯಾ!" "ನಿದ್ದೆ ಇರಲಿ ಸಾರ್, ಜಾಗ ಬಿಟ್ಟು ಎದ್ದಿಲ್ಲ. ಬೇಕಾದ್ರೆ ನೋಡಿ, ನನ್ನ ಹಿಂದೆ ಕ್ಯಾಮೆರಾಗಳ ಪರದೆಗಳೆಲ್ಲ ಸಾಲಾಗಿ ಕಾಣುತ್ತೆ." ನಿರ್ದೇಶಕರು ಕನ್ನಡಕ ಮೂಗಿಗೇರಿಸಿ, ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿದರು. ಹಿಂದಕ್ಕೋಡಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಅವಳತ್ತ ತಿರುಗಿ, "ಅಮ್ಮಾ," ಎಂದರು, "ಇಲ್ಲಿ ಕುಣೀತಿರೋದು ಯಾರು?"